ಹಳ್ಳದ ದಡದ ಹಸಿರನ್ನು ಚೌಕಾಸಿಗೆ ಇಟ್ಟಿದ್ದು

ಬರೆಯಲು ಕೂತರೆ ಈಗಲೂ ಮೈ ಉರಿಯುತ್ತದೆ.

ಅಕ್ಕಿಹೆಬ್ಬಾಳಿನ ಆಚೆಗಿರುವ ನನ್ನ ಜಮೀನು ಕೃಷ್ಣರಾಜಪೇಟೆ ಬಸ್ ಸ್ಟ್ಯಾಂಡಿನಲ್ಲಿ ಎಳನೀರು ಮಾರಿ ಕೊಂಡದ್ದು. ಕೊಂಡ ವರ್ಷವೇ ಹಳ್ಳದ ದಡದ ಲಕ್ಕಿ ಪೊದೆಗಳನ್ನೆಲ್ಲ ಜೆಸಿಬಿಯಿಂದ ಕೀಳಿಸಿದೆ. ಇನ್ನೆರಡು ಸಾಲು ಕಬ್ಬು ಹಿಡಿಸುವ ಆಸೆ. ಆಮೇಲೆ ಪ್ರತಿ ಮಳೆಗೂ ದಡ ಕುಸಿದು, ಕೊನೆಗೆ ಪಂಪ್‌ಹೌಸಿಗೆ ನಾಲ್ಕೇ ಹೆಜ್ಜೆ ಉಳಿಯಿತು. ಅದು ಹಳ್ಳಕ್ಕೆ ಬಿದ್ದರೆ ಇಡೀ ತೋಟಕ್ಕೆ ನೀರಿಲ್ಲ.

ಹೋದ ವರ್ಷ ದಡದುದ್ದಕ್ಕೂ ನೇರಳೆ ಸಸಿ ನೆಟ್ಟೆ. ಮಣ್ಣೂ ನಿಲ್ಲಲಿ, ಹಣ್ಣೂ ಮಾರಾಟವಾಗಲಿ ಅಂತ.

"ಲಕ್ಕಿ ಕಡ್ಡಿ ಚುಚ್ಚಿ. ದನ ಕುರಿ ಮೂಸಾಕಿಲ್ಲ" ಎಂದಳು ಹೆಂಡತಿ.

"ಲಕ್ಕೀನ ಯಾವ್ ಸಂತೇಲಿ ಮಾರಾದು?" ಎಂದು ನಕ್ಕೆ. ಅವಳು ಮಾತು ಬೆಳೆಸದೆ ಪಂಪ್‌ಹೌಸಿನ ಎದುರಿಗೆ ತಾನೇ ಒಂದಷ್ಟು ಕಡ್ಡಿ ಊರಿದಳು.

ಬೇಸಿಗೆಯಲ್ಲಿ ಬಿಂಡಿಗನವಿಲೆ ಕಡೆಯ ಕುರಿಯವನೊಬ್ಬ ಬಂದ. ಗೊಬ್ಬರಕ್ಕೆಂದು ಹೊಲದಲ್ಲಿ ಮಂದೆ ತಂಗಿಸಿದರೆ ರಾಗಿ ಕೊಡುವುದು ವಾಡಿಕೆ. ಎರಡು ಮೂಟೆ ಕೇಳಿದ. ನಾನು ಬಿಡುವವನೇ?

"ಒಂದೇ ಮೂಟೆ ಕಣ್ಲಾ. ದಡದಾಗಿರೋ ಹಸ್ರೆಲ್ಲಾ ನಿಂಗೇಯ."

ಒಪ್ಪಿದ. ಗೆದ್ದೆನೆಂದು ಬೀಗುತ್ತ ಪೇಟೆಗೆ ಹೋದೆ. ಸಂಜೆ ಬಂದು ನೋಡಿದರೆ ನೇರಳೆಯ ಒಂದು ಎಲೆಯೂ ಇಲ್ಲ, ಬರೀ ಬೋಳು ಕಡ್ಡಿ.

"ಲೇ, ಕಣ್ಣು ಎಲ್ಲಿಟ್ಟಿದ್ಲಾ? ಸಸಿ ಕಾಣ್ನಿಲ್ವಾ?"

"ಕಂಡ್ವು ಯಜಮಾನ್ರೇ. ಹಸ್ರಾಗೇ ಇದ್ವು. ಹಸ್ರೆಲ್ಲಾ ನಿಂಗೇ ಅಂದೋರು ನೀವೇ ಅಲ್ವರಾ?"

ಬಾಯಿಗೆ ಬಂದದ್ದೆಲ್ಲ ಬೈದೆ. ಅವನು ಕಂಬಳಿ ಕೊಡವಿ ಹೆಗಲಿಗೆ ಹಾಕಿಕೊಂಡ. ಆಡಿದ ಮಾತು ನನ್ನದೇ. ಅದಕ್ಕೇ ಸಿಟ್ಟು ಇನ್ನಷ್ಟು ಏರಿತು.

ಹಿಂದಿನಿಂದ ಹೆಂಡತಿ, "ಇನ್ನರ್ಧ ಮೂಟೆ ಉಳ್ಸಿದ್ರೆ ಪಂಪ್‌ಹೌಸ್ನೂ ಮೇಯ್ಕೊಂಡೋಗವು" ಎಂದಳು.

ದಡ ಕಾಯಲು ಹೊರಟವರಿಗೆ ಹೇಳುತ್ತೇನೆ, ಕೇಳಿ. ಮೊದಲು ಜಾಲಿ ಮುಳ್ಳಿನ ಬೇಲಿ ಹಾಕಿ. ಕುರಿಯವನು ಕೇಳಿದಷ್ಟು ರಾಗಿ ಅಳೆದುಬಿಡಿ. ದನ ಮುಟ್ಟದ ಗಿಡ ನೆಡಿ; ಅದರಿಂದ ಏನು ಬರುತ್ತದೆಂದು ಕೇಳುವ ನನ್ನಂಥವನನ್ನು ಹತ್ತಿರ ಸೇರಿಸಬೇಡಿ.

ಈ ಸಲದ ಮಳೆಗೆ ನೇರಳೆ ಇದ್ದ ಕಡೆಯೆಲ್ಲ ದಡ ಮತ್ತೆ ಜಾರಿತು. ಅವಳ ಲಕ್ಕಿ ನಿಂತ ಕಡೆ ಮಾತ್ರ ಮಣ್ಣು ಕದಲಲಿಲ್ಲ; ನಾಲ್ಕು ಹೆಜ್ಜೆ ನಾಲ್ಕಾಗಿಯೇ ಉಳಿಯಿತು. ಮಳೆ ನಿಂತ ಮೇಲೆ ಮಚ್ಚು ಹಿಡಿದು ಅವಳ ಪೊದೆಗಳ ಹತ್ತಿರ ಹೋದೆ.

"ಒಂದ್ ಗಿಡಕ್ಕೆ ಎರಡೇ ಕಡ್ಡಿ. ಜಾಸ್ತಿ ಮುಟ್ಬೇಡಿ."

ಇಡೀ ದಡಕ್ಕೆ ಅದು ಸಾಲುವುದಿಲ್ಲ. ಮೂರು ಕೊಡು ಎನ್ನಲು ಬಾಯಿ ತೆರೆದವನು, ಹಲ್ಲು ಕಚ್ಚಿಕೊಂಡು ಎರಡೆರಡೇ ಕಡಿದೆ.