ದಾಳಿಂಬೆ ಸಾಲಿಗೆ ಎಷ್ಟು ಎಚ್‌ಪಿ?

ಫೆಬ್ರುವರಿ 9, ಬೆಳಿಗ್ಗೆ ಏಳೂವರೆ. ಸಾವಳಗಿ ಹತ್ತಿರ ಕಾಕಾ ಮತ್ತು ನಾನು ನೋಡಿಕೊಳ್ಳುವ ದಾಳಿಂಬೆ ತೋಟಕ್ಕೆ, ಕೊಳ್ಳುವ ಮುನ್ನ ಓಡಿಸಿ ನೋಡಲೆಂದು ತರಿಸಿದ ಐವತ್ತು ಎಚ್‌ಪಿ, ಅಂದರೆ ಐವತ್ತು ಕುದುರೆ ಬಲದ ಟ್ರ್ಯಾಕ್ಟರ್ ನುಗ್ಗಿತು. ಹಿಂದೆ ಕಟ್ಟಿದ್ದ ನಾಲ್ಕು ಅಡಿ ಅಗಲದ ಯಂತ್ರ ಹುಲ್ಲನ್ನು ಚೆನ್ನಾಗಿಯೇ ಕತ್ತರಿಸಿತು. ಆದರೆ ದೊಡ್ಡ ಗಾಲಿಗಳು ಎರಡೂ ಬದಿಯ ಹೂಬಿಟ್ಟ ಟೊಂಗೆಗಳನ್ನು ಮುರಿದವು. ಸಂಜೆ ಕಾಕಾ ಆ ಟ್ರ್ಯಾಕ್ಟರಿಗೇ ಮುಂಗಡ ಕೊಡುವವರಿದ್ದರು. ನಾನು ಬೇಡವೆಂದೆ.

“ಎರಡು ಟ್ರೇಲರ್ ಕಬ್ಬು ಎಳೀದಿದ್ರ ಅದೆಂಥಾ ಟ್ರ್ಯಾಕ್ಟರ್ ಬೇ? ಮಂದಿ ನಗ್ತಾರ” ಎಂದರು ಕಾಕಾ. ನಮ್ಮ ಕಡೆ ಎಲ್ಲರೂ ಟ್ರ್ಯಾಕ್ಟರನ್ನು ಅಳೆಯುವುದು ಹಾಗೆಯೇ. ನಮ್ಮದೋ ಒಂದು ಜಲ್ಲೆ ಕಬ್ಬೂ ಇಲ್ಲದ ತೋಟ.

ಅದೇ ಯಂತ್ರವನ್ನು ಪಕ್ಕದ ತೋಟದವರ ಅಗಲ ಕಡಿಮೆಯಿರುವ ಇಪ್ಪತ್ತೆಂಟು ಎಚ್‌ಪಿ ಟ್ರ್ಯಾಕ್ಟರಿಗೆ ಕಟ್ಟಿಸಿ ನಾನೇ ಓಡಿಸಿದೆ. ಒಂದೂ ಟೊಂಗೆ ಮುರಿಯದೆ ಮೂರು ಸಾಲು ಮುಗಿದವು. ಬದುವಿನಲ್ಲಿ ಯಂತ್ರ ಮುಂಗೈ ದಪ್ಪದ ಜಾಲಿ ಗಿಡಕ್ಕೆ ತಾಗಿದ್ದೇ ತಡ, ಎಂಜಿನ್ ಬಂದ್ ಬಿತ್ತು. ಕಾಕಾ ಚಪ್ಪಾಳೆ ತಟ್ಟಿದರು. “ಮುಗೀತಲ್ಲವಾ ನಿನ್ನ ಕುದುರಿ ದಮ್ಮು!”

ಕೆಳಗಿಳಿದು ಕೊಡಲಿಯಿಂದ ಆ ಜಾಲಿ ಕಡಿದೆ. ದೊಡ್ಡ ಟ್ರ್ಯಾಕ್ಟರ್ ಮುರಿದು ಕೆಡವಿದ್ದ ಹದಿನೇಳು ಟೊಂಗೆಗಳನ್ನು ತಂದು ಅವರ ಮುಂದಿಟ್ಟೆ. “ವರ್ಷಕ್ಕೊಮ್ಮಿ ಜಾಲಿ ನಾ ಕಡೀತೀನ್ರಿ ಕಾಕಾ. ಅದರ ಸಲುವಾಗಿ ವರ್ಷಪೂರ್ತಿ ಟೊಂಗಿ ಮುರಕೋಳೂದು ಬ್ಯಾಡ.” ಕಾಕಾ ಒಂದೊಂದೇ ಟೊಂಗೆ ಎತ್ತಿ ಹೂಗಳನ್ನು ನೋಡಿದರು.

ಮುಂಗಡ ಹೋದದ್ದು ಅಂಥದೇ ಹೊಸ ಇಪ್ಪತ್ತೆಂಟು ಎಚ್‌ಪಿ ಟ್ರ್ಯಾಕ್ಟರಿಗೆ. ಕಾಕಾ ಇನ್ನೂ ಅದನ್ನು ಹತ್ತಿಲ್ಲ. ಅಂಥ ಜಾಲಿ ಕತ್ತರಿಸಲು ನಿಜವಾಗಿ ಎಷ್ಟು ಎಚ್‌ಪಿ ಬೇಕೆಂದು ಬಲ್ಲವರು ಬರೆದು ತಿಳಿಸಿ. ಕಲಿಯುತ್ತೇನೆ, ಟ್ರ್ಯಾಕ್ಟರ್ ಮಾತ್ರ ಬದಲಿಸುವುದಿಲ್ಲ.