ಅಬೆಲಾರ್ಡೊ ಒತ್ತದ ಕ್ಲಿಕ್ಕು

ಅಬೆಲಾರ್ಡೊ ಚುಂಗಾ ಕಳೆದ ಆಗಸ್ಟಿನಲ್ಲಿ ತೀರಿಕೊಂಡ. ಚಿಂಬೋಟೆಯಲ್ಲಿ ಉಕ್ಕಿನ ಮೀನುದೋಣಿ ಕಟ್ಟುವ ಯಾರ್ಡಿನ ನಕ್ಷೆ ಕೋಣೆಯಲ್ಲಿ ಅವನದೂ ನನ್ನದೂ ಅಕ್ಕಪಕ್ಕದ ಮೇಜು. ನನ್ನ ಮಗಳ ಜ್ಞಾನಸ್ನಾನದ ದಿನ ಧರ್ಮಪಿತನಾಗಿ ನಿಂತವನು ಅವನು. ಅಂದಿನಿಂದ ಅವನು ನನಗೆ ಕೊಂಪಾದ್ರೆ, ಮಗುವಿನ ತಾಯಿಯಾದ ನಾನು ಅವನಿಗೆ ಕೊಮಾದ್ರೆ. ಹೆಸರು ಹಿಡಿದು ಕರೆದದ್ದು ಮರೆತೇ ಹೋಗಿತ್ತು.

ದೋಣಿಯ ಪಕ್ಕೆಲುಬುಗಳನ್ನು ಕಂಪ್ಯೂಟರಿನಲ್ಲಿ ಬರೆಯುವುದು ಅವನ ಕೆಲಸ. ಅವನೆಳೆದ ಗೆರೆಯ ಮೇಲೆಯೇ ಕೆಳಗಿನ ಶೆಡ್ಡಿನ ಯಂತ್ರ ಬೆಂಕಿ ಹರಿಸಿ ಉಕ್ಕು ಕತ್ತರಿಸುತ್ತದೆ. ಗೆರೆ ಸರಿಯಿದೆಯೋ ಇಲ್ಲವೋ ಎಂದು ಯಂತ್ರ ಕೇಳುವುದಿಲ್ಲ. ಹಾಗಾಗಿ ನಮ್ಮ ಕೋಣೆಯಲ್ಲಿ ಒಬ್ಬನ ಬೆಲೆ ಅವನ ಕೈಯ ಬೆಲೆ. ಅಬೆಲಾರ್ಡೊನ ಕೈಯ ಬಗ್ಗೆ ಯಾರಿಗೂ ಅನುಮಾನವಿರಲಿಲ್ಲ. ಅವನಿಗಂತೂ ಅದರ ಹೊರತು ಬೇರೆ ಆಸ್ತಿಯಿರಲಿಲ್ಲ.

ಅವನು ತೀರಿಕೊಳ್ಳುವ ಹಿಂದಿನ ವರ್ಷ ಒಂದು ಬೆಳಿಗ್ಗೆ ಶೆಡ್ಡಿನ ಮೇಸ್ತ್ರಿ ವಾಮಾನ್ಚುಮೊ ಮೆಟ್ಟಿಲು ಹತ್ತಿ ಬಂದ. ಎಣ್ಣೆ ಕೈಯನ್ನು ಪ್ಯಾಂಟಿಗೆ ಒರೆಸಿಕೊಳ್ಳುತ್ತಾ ಬಾಗಿಲಲ್ಲೇ ನಿಂತ.

“ಏನಯ್ಯಾ ಚುಂಗಾ, ಪೈಪು ಹಾವಿನ ಥರ ಬಳುಕ್ಕೊಂಡು ಹೋಗ್ಲಿ ಅಂತಾನಾ ನಿನ್ನ ಆಸೆ? ಎಲ್ಲಾ ಪಕ್ಕೆಲುಬಲ್ಲೂ ಪೈಪಿನ ತೂತು ಒಂದೇ ಸಾಲಲ್ಲಿದೆ, ಒಂದ್ರಲ್ಲಿ ಮಾತ್ರ ಬೆರಳಷ್ಟು ಆಚೆ.”

“ನಿನ್ನ ಬೆರಳಾ, ಮನುಷ್ಯರ ಬೆರಳಾ?”

“ಬಂದು ನೋಡು, ತೋರಿಸ್ತೀನಿ ಯಾವ ಬೆರಳು ಅಂತ.”

ಅಬೆಲಾರ್ಡೊ ನಗುತ್ತಲೇ ನಕ್ಷೆ ತೆರೆದ. ತೂತು ಜರುಗಿದ್ದು ನಿಜ. ಅವನ ನಗು ನಿಂತಿತು.

ನಮ್ಮಲ್ಲಿ ಹಳಬರದೊಂದು ರೂಢಿಯಿದೆ. ಮೌಸಿನ ಬಲಗುಂಡಿಯನ್ನು ಎಂಟರ್ ಆಗಿ ಮಾಡಿಕೊಂಡಿರುತ್ತೇವೆ. ಒಮ್ಮೆ ಒತ್ತಿದರೆ ಹಿಡಿದ ಕೆಲಸ ಮುಗಿಯಿತು, ಇನ್ನೊಮ್ಮೆ ಒತ್ತಿದರೆ ಅದೇ ಕೆಲಸ ಮತ್ತೆ ಶುರು. ಹೊಸಬರ ಮೌಸಿನಲ್ಲಿ ಬಲಗುಂಡಿ ಒತ್ತಿದರೆ ಪರದೆಯ ಮೇಲೆ ಒಂದು ಪಟ್ಟಿ ತೆರೆದುಕೊಂಡು, ಏನು ಬೇಕೆಂದು ಕೇಳುತ್ತದೆ. ಅದನ್ನು ಕಂಡರೆ ಅಬೆಲಾರ್ಡೊಗೆ ಆಗುತ್ತಿರಲಿಲ್ಲ. ಹೋಟೆಲ್ ಮಾಣಿ ಬಂದು ಪದೇ ಪದೇ ಏನು ಬೇಕು ಅಂದ ಹಾಗೆ ಎನ್ನುತ್ತಿದ್ದ.

ಈಗ ಅವನು ಒಮ್ಮೆ ಒತ್ತಿದರೆ ಯಂತ್ರ ಎರಡು ಸಲ ಒತ್ತಿದ ಹಾಗೆ ನಡೆದುಕೊಳ್ಳುತ್ತಿತ್ತು. ಮುಗಿಸಿದ ‘ಸರಿಸು’ ಆಜ್ಞೆ ಅವನಿಗೆ ತಿಳಿಯದಂತೆ ಮತ್ತೆ ಏಳುತ್ತಿತ್ತು. ಸುಮ್ಮನೆ ನೋಡಲೆಂದು ಮುಟ್ಟಿದ ತೂತು ಮುಂದಿನ ಕ್ಲಿಕ್ಕಿಗೆ ಅತ್ತ ಸರಿದುಬಿಡುತ್ತಿತ್ತು.

ಕೆಟ್ಟದ್ದನ್ನು ಹುಡುಕುವುದರಲ್ಲಿ ಅವನದು ಒಂದೇ ನಿಯಮ, ಒಂದು ಸಲಕ್ಕೆ ಒಂದನ್ನೇ ಬದಲಿಸು. ಮೊದಲು ಮೌಸು ಬದಲಿಸಿದ. ಆ ಕಾಟ ಹೋಗಲಿಲ್ಲ. ತಂತಿ ಚುಚ್ಚುವ ಜಾಗ ಬದಲಿಸಿದ. ಹೋಗಲಿಲ್ಲ. ಯಾರ್ಡಿನ ಕಂಪ್ಯೂಟರ್ ನೋಡಿಕೊಳ್ಳುವ ಯೆಸೇನಿಯಾ ಬಂದು ಒಳಗಿನ ಹೊಂದಿಕೆಗಳನ್ನೆಲ್ಲ ಅಳಿಸಿ ಹೊಸದಾಗಿ ಕೂರಿಸಿದಳು. ಮಧ್ಯಾಹ್ನ ಊಟ ಮುಗಿಸಿ ಬಂದು ಕೂತರೆ ಮತ್ತೆ ಅದೇ.

“ಬಲಗುಂಡಿಗೆ ಪಟ್ಟಿ ಹಾಕ್ಕೊಡ್ತೀನಿ ಅಬೆಲಾರ್ಡೊ ಅವರೇ,” ಎಂದಳು ಯೆಸೇನಿಯಾ. “ಆಗ ಎರಡು ಸಲ ಬಿದ್ರೂ ಏನೂ ಹಾಳಾಗಲ್ಲ.”

“ಸೋರೋ ಮನೇಲಿ ಪಾತ್ರೆ ಇಟ್ಟ ಹಾಗೆ. ತೂತು ಎಲ್ಲಿದೆ ಹೇಳಮ್ಮ.”

“ಮೌಸಲ್ಲಿಲ್ಲ, ತಂತೀಲಿಲ್ಲ, ಯಂತ್ರದಲ್ಲೂ ಇಲ್ಲ. ಇನ್ನೆಲ್ಲಿ ಹುಡುಕಲಿ?”

ಉಳಿದಿದ್ದು ಕುರ್ಚಿ ಬದಲಿಸುವುದು. ಮಾರನೆಯ ದಿನ ನಾನು ಅವನ ಮೇಜಿಗೆ ಹೋದೆ, ಅವನು ನನ್ನದಕ್ಕೆ ಬಂದ. ಬೆಳಗಿನ ಕೆಲಸವೆಲ್ಲ ಅವನ ಮೌಸಿನಲ್ಲೇ ಮಾಡಿದೆ. ಒಂದು ಗೆರೆಯೂ ಅಲುಗಲಿಲ್ಲ.

“ನಿಮ್ಮ ಯಂತ್ರ ಬೆಣ್ಣೆ ಇದ್ದ ಹಾಗಿದೆ ಕೊಂಪಾದ್ರೆ. ಗೊಣಗೋದು ನಿಮ್ಮ ಚಾಳಿ,” ಎಂದೆ.

ನಾನು ತಿರುಗಿದೆ. ನನ್ನ ಪರದೆಯ ಮೇಲೆ ಮುಗಿದ ಆಜ್ಞೆ ತಾನಾಗಿ ಎದ್ದು ಕಾಯುತ್ತಿತ್ತು. ಅವನು ಮೌಸು ಬಿಟ್ಟು ಬಲಗೈಯನ್ನು ಮೇಜಿನ ಮೇಲೆ ಅಂಗಾತ ಇಟ್ಟು ನೋಡುತ್ತಿದ್ದ. ಹೆಬ್ಬೆರಳ ಬುಡದ ಮಾಂಸ ಇಳಿದು ಗುಳಿ ಬಿದ್ದಿತ್ತು. ಚರ್ಮದಡಿ ಏನೋ ಮಿಡುಕುತ್ತಿತ್ತು. ಅದು ಮಿಡಿದಾಗೊಮ್ಮೆ ಬೆರಳೂ ಅದರುತ್ತಿತ್ತು.

“ಸಿಕ್ತು,” ಎಂದ. “ಯೆಸೇನಿಯಾಗೆ ಹೇಳಿಬಿಡಿ ಕೊಮಾದ್ರೆ. ಪಾಪ, ಇನ್ನೂ ಹುಡುಕ್ತಿರ್ತಾಳೆ.”

ಲಿಮಾದ ನರವೈದ್ಯರು ಸುತ್ತಿ ಬಳಸಿ ಮಾತಾಡಲಿಲ್ಲ. ಸ್ನಾಯುಗಳನ್ನು ಆಡಿಸುವ ನರಗಳು ಒಂದೊಂದಾಗಿ ಸಾಯುವ ಕಾಯಿಲೆ. ಕೈಯಿಂದ ಶುರುವಾಗಿದೆ, ಕೈಯಲ್ಲಿ ನಿಲ್ಲುವುದಿಲ್ಲ. ಬಸ್ಸಿಳಿದವನು ಮನೆಗೂ ಹೋಗದೆ ಯಾರ್ಡಿಗೆ ಬಂದು ಯೆಸೇನಿಯಾಳನ್ನು ಕರೆಸಿದ. “ಆ ಪಟ್ಟಿ ಹಾಕಮ್ಮ,” ಎಂದ. ಆಮೇಲೆ ಪ್ರತಿ ಕ್ಲಿಕ್ಕಿಗೂ ಪಟ್ಟಿ ಬಂದು ಅವನನ್ನು ಕೇಳುತ್ತಿತ್ತು, ಅವನು ತಾಳ್ಮೆಯಿಂದ ಉತ್ತರ ಕೊಡುತ್ತಿದ್ದ. ಆಗ ಕಟ್ಟುತ್ತಿದ್ದ ದೋಣಿಯ ಮೂತಿಯ ಭಾಗ ಇನ್ನೂ ಬಾಕಿಯಿತ್ತು. ಅದನ್ನಾದರೂ ಮುಗಿಸಿಬಿಡಬೇಕೆಂಬುದೊಂದೇ ಅವನ ಹಟ.

ಚಳಿ ಮುಗಿಯುವ ಮೊದಲೇ ಬೆರಳು ಗುಂಡಿಯ ಮೇಲೆ ನಿಲ್ಲದಾಯಿತು. ಎಡಗೈಗೆ ಬದಲಿಸಿದ, ಅದೂ ಸೋತಿತು. ಕೊನೆಗೆ ನನ್ನ ಪಕ್ಕದಲ್ಲಿ ಕೂತು ಬಾಯಲ್ಲಿ ಹೇಳತೊಡಗಿದ, ನಾನು ಒತ್ತತೊಡಗಿದೆ.

“ಇನ್ನೂ ಸ್ವಲ್ಪ ಒಳಗೆ. ಅಲ್ಲಲ್ಲ, ಅಷ್ಟು ಬೇಡ. ನೀವೇನು ಟೊಮೇಟೊ ಹೆಚ್ತಾ ಇದೀರಾ?”

“ಬಾಯಿ ಮುಚ್ಚಿದ್ರೆ ಬೇಗ ಮುಗಿಸ್ತೀನಿ.”

“ಅದೂ ಮುಚ್ಚುತ್ತೆ, ಅವಸರ ಮಾಡ್ಬೇಡಿ.”

ನಾನು ಗೆರೆಯನ್ನು ಅವನು ಹೇಳಿದಷ್ಟೇ ಒಳಗೆ ಸರಿಸಿದೆ.

ಅವನ ಹೆಂಡತಿ ಸೊರಾಯ್ಡಾ ಮಧ್ಯಾಹ್ನ ಬಂದು ಸಾರನ್ನ ತಿನ್ನಿಸುತ್ತಿದ್ದಳು. ನುಂಗುವಾಗ ಕೆಮ್ಮು ಬಂದರೆ ಎಲ್ಲರೂ ಕಿಟಕಿಯಾಚೆ ನೋಡುತ್ತಿದ್ದರು. ಅವನ ಮಾತು ತೊದಲತೊಡಗಿತು. ಮೇಸ್ತ್ರಿ ವಾಮಾನ್ಚುಮೊ ಅರ್ಥವಾಗದೆ ನನ್ನ ಮುಖ ನೋಡುವನು, ನಾನು ಬಿಡಿಸಿ ಹೇಳುವೆನು.

ಮೂತಿಯ ಕೊನೆಯ ಹಾಳೆ ಮುಗಿದ ದಿನ ನಕ್ಷೆಯ ಮೂಲೆಯ ಚೌಕದಲ್ಲಿ, ಬರೆದವರ ಜಾಗದಲ್ಲಿ, ಅವನ ಹೆಸರಿನ ಅಕ್ಷರಗಳನ್ನು ಹಾಕಿದೆ. ಉಕ್ಕು ಕೂರದಿದ್ದರೆ ಶೆಡ್ಡಿನವರು ಮೊದಲು ನೋಡುವುದು ಆ ಚೌಕವನ್ನು. ಯಾರನ್ನು ಬೈಯಬೇಕೆಂದು ಅದರಿಂದಲೇ ತಿಳಿಯುವುದು.

ಅವನು ತಲೆಯಲ್ಲಾಡಿಸಿದ. “ಅಳಿಸಿ.”

“ನೀವೇ ಬರೆದದ್ದು ಕೊಂಪಾದ್ರೆ. ನಾನು ಬರೀ ಒತ್ತಿದ್ದು.”

ಒಂದೊಂದೇ ಮಾತನ್ನು ಎಳೆದು ತಂದು ಹೇಳಿದ, “ತಪ್ಪಿದ್ರೆ ಮೇಸ್ತ್ರಿ ಮೇಲೆ ಬರ್ತಾನೆ. ನಾನು ಇರಲ್ಲ. ಇಲ್ದೋನ ಹತ್ರ ಏನು ಜಗಳ ಆಡ್ತಾನೆ ಅವನು?”

ಅಳಿಸಿದೆ. ಮೂತಿಯ ಹಾಳೆಗಳಿಗೆಲ್ಲ ನನ್ನ ಅಕ್ಷರಗಳನ್ನು ಹಾಕಿದೆ. ಅವನು ಕಣ್ಣು ಸಣ್ಣ ಮಾಡಿ ಓದಿ, ಸರಿ ಎಂಬಂತೆ ರೆಪ್ಪೆ ಮುಚ್ಚಿದ.

ಆ ಹಾಳೆಗಳು ಒಂದಕ್ಕೊಂದು ಕೂತವು. ಮೇಸ್ತ್ರಿ ಜಗಳಕ್ಕೆ ಬರಲಿಲ್ಲ. ದೋಣಿ ನೀರಿಗಿಳಿಯುವ ಹೊತ್ತಿಗೆ ಅಬೆಲಾರ್ಡೊ ಮಣ್ಣು ಸೇರಿದ್ದ. ಆ ದೋಣಿಯ ಮೂತಿಯ ಯಾವ ಹಾಳೆಯಲ್ಲೂ ಅವನ ಹೆಸರಿಲ್ಲ.