ಎರಡು ಉತಾರ

ಆಗುವುದಿಲ್ಲ ಎಂದವನು ನನ್ನ ಸೋದರಮಾವ. ಹಳಿಯಾಳದಿಂದ ಬಂದಾಗಲೆಲ್ಲ ಎರಡು ಮಾತು ಹೇಳಿ ಹೋಗುತ್ತಿದ್ದ: ‘ಇಕಿ ಇಂಜಿನಿಯರ್ ಆಗೂದಿಲ್ಲ. ಆ ಜಾಗಾದಾಗ ಮನಿ ಏಳೂದಿಲ್ಲ.’ ಮೊದಲನೆಯದು ಸುಳ್ಳಾಯಿತು. ನಮ್ಮ ಮನೆತನದಲ್ಲಿ ಡಿಗ್ರಿ ಕಂಡವಳು ನಾನೇ ಮೊದಲು. ಹಾಗೆಂದು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಎರಡನೆಯ ಮಾತು ಮಾತ್ರ ಹಾಗೇ ನಿಂತಿತ್ತು.

ಜಾಗ ಇರುವುದು ದಾಂಡೇಲಿಯ ಅಂಚಿನಲ್ಲಿ, ಕುಳಗಿಯ ಕಡೆಗೆ, ಒಂದು ದಿಬ್ಬದ ಮೈಮೇಲೆ. ಅಪ್ಪ ಧಾರವಾಡದ ಕಡೆಯ ಹಳ್ಳಿಯಿಂದ ಬಂದು ಕಾಗದದ ಗಿರಣಿ ಸೇರಿದವನು. ಬಂಗೂರನಗರದ ಕ್ವಾರ್ಟರ್ಸಿನಲ್ಲೇ ಸಂಸಾರ ನಡೆಸಿದ. ಅವನ ನಿವೃತ್ತಿ ಹತ್ತಿರ ಬಂದಿತ್ತು. ಆಮೇಲೆ ಕ್ವಾರ್ಟರ್ಸ್ ಬಿಡಬೇಕು. ಹೋಗಲು ನಮಗಿದ್ದುದು ಆ ದಿಬ್ಬ ಒಂದೇ.

ಅದು ಖಾಲಿ ಬಿದ್ದದ್ದು ಬೆಳಗಾವಿ ಕಡೆಯಿಂದ ಮನೆ ಕಟ್ಟಲು ಬರುತ್ತಿದ್ದ ಒಬ್ಬ ಗೌಂಡಿಯ ಮಾತಿನಿಂದ. ನಾನು ಹೈಸ್ಕೂಲಿನಲ್ಲಿದ್ದಾಗ ಆತ ಜಾಗ ನೋಡಿ, ‘ಉತಾರ ಸರಿ ಇಲ್ಲ’ ಎಂದು ಹೋಗಿದ್ದ. ನಮ್ಮಲ್ಲಿ ಉತಾರ ಅಂದರೆ ಜಾಗದ ದಾಖಲೆ. ಅವ್ವ ಹೆದರಿದಳು. ಜಾಗದ ಮೇಲೆ ಏನೋ ತಕರಾರಿದೆ ಎಂಬುದು ಅಂದಿನಿಂದ ಮನೆಯಲ್ಲಿ ಖಾತ್ರಿಯಾಯಿತು. ಭೂದಾಖಲೆ ಕಚೇರಿಯವರು ಎಲ್ಲ ಸರಿ ಇದೆ ಎಂದಷ್ಟೂ ಮಾವನ ಸಂಶಯ ಹೆಚ್ಚಿತು.

ಇಂಜಿನಿಯರ್ ಆದ ಮೇಲೆ ನಾನು ಅವ್ವನ ಜೊತೆ ಅಳತೆಗೆ ಹೋದ ದಿನ ಮಾವ ಅದೇ ಗೌಂಡಿಯನ್ನು ಸಾಕ್ಷಿಗೆ ಕರೆತಂದ. ಆತ ಮೇಲಿನ ಮೂಲೆಯಲ್ಲಿ ನಿಂತು, ‘ಉತಾರ ಭಾಳ ಐತಿ ನೋಡ್ರಿ ಅಕ್ಕಾರ. ಅವತ್ತ ಹೇಳಿದ್ನಲ್ಲ’ ಎಂದ.

ಅವ್ವ ಚೀಲದಿಂದ ಕಾಗದ ತೆಗೆದಳು. ‘ಭಾಳ ಎಲ್ಲೈತ್ರಿ? ಇರೂದ ಇದೊಂದು. ಹೆಸರೂ ನಮ್ದ ಐತಿ.’

ಗೌಂಡಿ ಕಾಗದ ನೋಡಿದ, ಅವ್ವನನ್ನು ನೋಡಿದ. ‘ಈ ಉತಾರ ಅಲ್ರೀ. ಆ ಉತಾರ!’ ಎಂದು ಕಾಲಿನಿಂದ ಒಂದು ಕಲ್ಲು ತಳ್ಳಿದ. ಅದು ಕೆಳಗಿನ ಬೇಲಿಯವರೆಗೂ ಉರುಳಿತು. ಆತನ ಮನೆಮಾತು ಮರಾಠಿ. ಮರಾಠಿಯಲ್ಲಿ ಉತಾರ ಅಂದರೆ ಇಳಿಜಾರು.

ಮಾವನೇ ಮೊದಲು ಬಾಯಿ ಬಿಟ್ಟ. ‘ಇದು ಇನ್ನೂ ಕೆಟ್ಟಾತು. ಕಾಗದಾ ತಿದ್ದಬಹುದು, ಗುಡ್ಡ ತಿದ್ದೂದು ಹೆಂಗ? ಇಲ್ಲಿ ರೊಟ್ಟಿ ಬಡಿಯಾಕ ಕುಂತ್ರ ಹಿಟ್ಟಿನ ಉಂಡಿ ಉರುಳಿ ಕುಳಗಿ ಮುಟ್ಟತೈತಿ.’

ಅವನ ಕೈಗೇ ಟೇಪು ಕೊಟ್ಟೆ. ಅವನು ಅದನ್ನು ನೆಲದ ಮೇಲೆ ಹಾಸಿದ. ಇಳಿಜಾರು ಅಳೆಯುವಾಗ ಹಾಗೆ ಹಾಸಬಾರದು, ಗಾಳಿಯಲ್ಲಿ ಮಟ್ಟವಾಗಿ ಹಿಡಿಯಬೇಕು. ನೀರು ತುಂಬಿದ ಪೈಪು ಹಿಡಿದು ಮಟ್ಟ ನೋಡಿದೆವು. ನಲವತ್ತು ಅಡಿ ಮುಂದೆ ಹೋದರೆ ನೆಲ ಹತ್ತು ಅಡಿ ಕೆಳಗಿತ್ತು.

‘ನೂರಕ್ಕ ಇಪ್ಪತ್ತೈದು’ ಎಂದೆ.

‘ಅಂದ್ರ ಫೇಲ್’ ಎಂದ ಮಾವ, ಬಹಳ ಸಮಾಧಾನದಿಂದ.

‘ಇಲ್ಲಿ ಕಡಿಮಿ ಬಂದ್ರನ ಪಾಸು, ಮಾಮಾ.’

ಅಪ್ಪನಿಗೆ ಇಡೀ ಜಾಗವನ್ನು ಒಂದೇ ಸಪಾಟು ಮಾಡುವ ಆಸೆ. ಮೇಲಿನ ಮಣ್ಣು ಕಡಿದು ಕೆಳಗೆ ಸುರಿದರೆ ನೋಡಲು ಚೆನ್ನಾಗಿಯೇ ಇರುತ್ತದೆ. ಆದರೆ ಸುರಿದ ಮಣ್ಣು ಮಳೆಗೆ ಕುಸಿಯುತ್ತದೆ, ಅದರ ಮೇಲಿನ ಗೋಡೆ ಬಿರುಕು ಬಿಡುತ್ತದೆ. ಹೀಗಾಗಿ ದಿಬ್ಬವನ್ನು ಎರಡು ಮೆಟ್ಟಿಲಾಗಿ ಕಡಿಸಿದೆ. ಮೇಲೆ ಕೋಣೆಗಳು, ಕೆಳಗೆ ಪಡಸಾಲೆ ಮತ್ತು ಅಡುಗೆಮನೆ. ಪಾಯವೆಲ್ಲ ಗಟ್ಟಿ ನೆಲದಲ್ಲಿ. ಹಿಂದೆ ಮಣ್ಣು ತಡೆಯುವ ಕಲ್ಲುಗೋಡೆ, ಅದರ ಬುಡದಲ್ಲಿ ನೀರು ಹೋಗಲು ತೂತುಗಳು.

‘ಗ್ವಾಡಿ ಕಟ್ಟಿ ಅದಕ್ಕ ತೂತು ಇಡಾಕ ಕಾಲೇಜಿಗೆ ಹೋಗಿದ್ದೇನ?’ ಎಂದ ಮಾವ.

ಅದಕ್ಕೆ ಉತ್ತರ ಮಳೆಗಾಲ ಕೊಟ್ಟಿತು. ತೂತುಗಳಿಂದ ಮೊದಲು ಕೆಂಪು ನೀರು ಬಂತು, ಆಮೇಲೆ ತಿಳಿನೀರು. ಗೋಡೆ ಅಲುಗಲಿಲ್ಲ. ಮಳೆ ನಿಂತ ಮೇಲೆ ಮನೆ ಎದ್ದಿತು. ಕೊನೆಗೆ ಅಂಗಳವನ್ನು, ನೀರು ಗೋಡೆಯಿಂದ ಆಚೆ ಹರಿಯುವಂತೆ, ತುಸುವೇ ಇಳಿಜಾರಿಟ್ಟು ಮಾಡಿಸಿದೆ.

ಕ್ವಾರ್ಟರ್ಸಿನ ಕೀಲಿ ಒಪ್ಪಿಸುವ ಮೊದಲೇ ಮನೆ ಪೂರ್ಣಗೊಂಡ ಪ್ರಮಾಣಪತ್ರ ಸಿಕ್ಕಿತು. ನಗರಸಭೆಯವರು ಅದನ್ನು ಅವ್ವನ ಕೈಗೆ ಕೊಟ್ಟರು. ಅವ್ವ ಅದನ್ನು ಸೆರಗಿನಿಂದ ಒರೆಸಿದಳು, ಧೂಳೇನೂ ಇರಲಿಲ್ಲ. ಪಕ್ಕದಲ್ಲಿ ನಿಂತಿದ್ದ ಮಾವ ನನ್ನ ಕಡೆ ತಿರುಗಿ, ‘ಅಂಗಳದ ಉತಾರ ಈಗ ಎಷ್ಟು?’ ಎಂದು ಕೇಳಿದ.

‘ನೂರಕ್ಕ ಎರಡು.’

ಮಾವ ಸ್ವಲ್ಪ ಹೊತ್ತು ಲೆಕ್ಕ ಹಾಕಿದ. ಆಮೇಲೆ ಅವ್ವನಿಗೆ ಹೇಳಿದ: ‘ಅಕ್ಕಾ, ನೂರಕ್ಕ ಎರಡು ತಗೊಂಡು ಸರ್ಟಿಫಿಕೇಟ್ ತಂದಾಕಿ ದಾಂಡೇಲಿಯೊಳಗ ನಿನ್ನ ಮಗಳೊಬ್ಬಾಕಿನ.’